ಮಕ್ಕಳ ಮನೋವೈದ್ಯರ ಕ್ಲಿನಿಕ್, ಬಳ್ಳಾರಿ: ಹೊರಗೆ ಕಾಯಿಸ್ತಾರೆ, ಒಳಗೆ ಅವಸರ ಇಲ್ಲ

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತಿದ್ದೇನೆ. ಕಟ್ ಮಾಡಿದ ಒಂದು ಸ್ಟಾರ್ ಡಾಕ್ಟರದ್ದಲ್ಲ, ಹೊರಗಿನ ಹಾಲ್‌ದು. ಅದರ ಬಗ್ಗೆ ಆಮೇಲೆ ಹೇಳುತ್ತೇನೆ, ಸ್ವಲ್ಪ ಸಿಟ್ಟೂ ಇದೆ.

ಡಾಕ್ಟರ್ ಹೆಸರು ಹಾಕಿಲ್ಲ. ಕೇಳಿದ್ದೆ, ಬೇಡ ಎಂದರು. ಬಳ್ಳಾರಿಯವರಿಗೆ ಹುಡುಕುವುದು ಕಷ್ಟವೇನಲ್ಲ, ಮಕ್ಕಳನ್ನೇ ನೋಡುವ ಮನೋವೈದ್ಯರು ನಮ್ಮೂರಲ್ಲಿ ಬೀದಿಗೊಬ್ಬರಿಲ್ಲವಲ್ಲ. ನಮ್ಮ ಮನೆಯಿಂದ ಇಬ್ಬರು ಇಲ್ಲಿ ತೋರಿಸಿಕೊಳ್ಳುತ್ತಿದ್ದಾರೆ. ಒಬ್ಬ ನನ್ನ ಮಗ, ಮೂರನೇ ಕ್ಲಾಸು. ಇನ್ನೊಬ್ಬಳು ನನ್ನ ಅಕ್ಕನ ಮಗಳು, ಸಿರುಗುಪ್ಪ ಕಡೆಯವಳು, ಸೆಕೆಂಡ್ ಪಿಯು. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. ಅವಳು ಓದಿ ಒಂದೆರಡು ಸಾಲು ಹೊಡೆದೂ ಹಾಕಿದ್ದಾಳೆ.

ಮಗನದ್ದು ಬಹಳ ಮನೆಗಳಲ್ಲಿ ಇರುವ ಕಥೆಯೇ. ಡೈರಿ ತೆಗೆದರೆ ಕೆಂಪು ಇಂಕು. ಕೂತಲ್ಲಿ ಕೂರುವುದಿಲ್ಲ, ಬೋರ್ಡ್ ನೋಡಿ ಬರೆದುಕೊಳ್ಳುವುದಿಲ್ಲ, ಪಕ್ಕದವನ ಪೆನ್ಸಿಲ್ ಕಿತ್ತುಕೊಳ್ಳುತ್ತಾನೆ. ನಮ್ಮಮ್ಮ ದೃಷ್ಟಿ ತೆಗೆದಿದ್ದಾಯಿತು, ಕನಕ ದುರ್ಗಮ್ಮನ ಗುಡಿಯಲ್ಲಿ ಹರಕೆ ಹೊತ್ತಿದ್ದಾಯಿತು, ಕೈಗೊಂದು ದಾರವೂ ಬಂತು. ಬೇರೆ ಒಂದು ದವಾಖಾನೆಗೂ ಹೋಗಿದ್ದೆವು. ಅಲ್ಲಿ ಕುರ್ಚಿ ಬಿಸಿಯಾಗುವ ಮೊದಲೇ 'ಹುಡುಗ ಹೈಪರ್ ಇದ್ದಾನೆ' ಎಂದು ಒಂದು ಸಿರಪ್ ಬರೆದುಕೊಟ್ಟರು. ಅದನ್ನು ಕುಡಿದು ಅವನು ಕ್ಲಾಸಲ್ಲೇ ನಿದ್ದೆ ಹೊಡೆಯುತ್ತಿದ್ದ. ಕೆಂಪು ಇಂಕು ನಿಂತಿತು, ಟೀಚರ್ ಖುಷಿ, ಓದು ಮಾತ್ರ ಎಲ್ಲಿತ್ತೋ ಅಲ್ಲೇ.

ಇಲ್ಲಿ ಮೊದಲ ದಿನವೇ ಮೇಡಂ ಹತ್ತಿರ ಹತ್ತಿರ ಒಂದು ಗಂಟೆ ಮಾತಾಡಿಸಿದರು. ಬಿಳಿ ಕೋಟಿಲ್ಲ. ಟೇಬಲ್ ಒಂದು ಮೂಲೆಗೆ, ನೆಲದ ಮೇಲೆ ಚಾಪೆ, ಚಾಪೆ ಮೇಲೆ ಮರದ ಬ್ಲಾಕು, ಗೊಂಬೆ, ಕ್ರಯಾನ್ಸ್. 'ಬಾರೋ, ಹೆಸರೇನು, ಯಾವ ಕ್ಲಾಸು' ಅಂತ ಹುಡುಗನನ್ನು ಯಾರೂ ಕೇಳಲಿಲ್ಲ. ಅವನ ಪಾಡಿಗೆ ಅವನನ್ನು ಬಿಟ್ಟು ನಮ್ಮ ಜೊತೆ ಮಾತಾಡುತ್ತಾ ಇದ್ದರು, ಆದರೆ ಕಣ್ಣು ಅವನ ಮೇಲೇ. ಬ್ಲಾಕು ಜೋಡಿಸಲು ಶುರು ಮಾಡಿದ, ಅರ್ಧಕ್ಕೆ ಬಿಟ್ಟ, ಗೊಂಬೆ ಎತ್ತಿಕೊಂಡ, ಕೆಳಗೆ ಆಟೋ ಹಾರ್ನ್ ಹೊಡೆದ ಕೂಡಲೇ ಗೊಂಬೆ ಬಿಸಾಕಿ ಕಿಟಕಿಗೆ ಓಡಿದ. ಅಷ್ಟನ್ನೂ ಅವರು ಹಾಳೆಯಲ್ಲಿ ಬರೆದುಕೊಂಡಿದ್ದರು ಅಂತ ಗೊತ್ತಾಗಿದ್ದು ಆಮೇಲೆ.

ಪ್ರಶ್ನೆಗಳೋ ಮುಗಿಯುವುದೇ ಇಲ್ಲ. ಹುಟ್ಟಿದ ಕೂಡಲೇ ಅತ್ತನಾ, ಯಾವಾಗ ನಡೆದ, ಮೊದಲ ಮಾತು ಯಾವಾಗ ಬಂತು, ಫಿಟ್ಸ್ ಬಂದಿತ್ತಾ, ತಲೆಗೆ ಪೆಟ್ಟು ಬಿದ್ದಿತ್ತಾ. ರಾತ್ರಿ ಗೊರಕೆ ಹೊಡೆಯುತ್ತಾನಾ ಅಂತಲೂ ಕೇಳಿದರು. ಗೊರಕೆಗೂ ಚೇಷ್ಟೆಗೂ ಎಲ್ಲಿಯ ಸಂಬಂಧ ಅಂತ ನನಗೆ ನಗು ಬಂತು. ಇದೆಯಂತೆ. ಟಾನ್ಸಿಲ್, ಅಡಿನಾಯ್ಡ್ ದಪ್ಪಗಾಗಿ ರಾತ್ರಿ ಸರಿಯಾಗಿ ಉಸಿರಾಡಲು ಆಗದೆ ನಿದ್ದೆ ಕೆಟ್ಟರೆ, ಕೆಲವು ಮಕ್ಕಳು ಹಗಲಲ್ಲಿ ಮಂಕಾಗುವ ಬದಲು ಹೀಗೇ ಕುಣಿದಾಡುತ್ತಾರಂತೆ. ಕಿವಿ, ಕಣ್ಣು ಎರಡನ್ನೂ ಟೆಸ್ಟ್ ಮಾಡಿಸಿಕೊಂಡು ಬರಲು ಹೇಳಿದರು. ಬೋರ್ಡೇ ಕಾಣದ ಹುಡುಗನಿಗೆ ಗಮನ ಇಲ್ಲ ಅಂತ ಬೈದು ಏನು ಪ್ರಯೋಜನ, ಅಲ್ವಾ?

ಆಮೇಲೆ ನನ್ನ ಕಡೆ ತಿರುಗಿ, 'ಸ್ಕೂಲಲ್ಲಿ ನೀವು ಹೇಗಿದ್ರಿ?' ಎಂದರು. ನಾನು ಎಂಟನೇ ಕ್ಲಾಸಿಗೆ ಓದು ಬಿಟ್ಟು ಜೀನ್ಸ್ ಹೊಲಿಯಲು ಕೂತವನು, ಈಗ ಕೌಲ್ ಬಜಾರ್ ಕಡೆ ನನ್ನದೇ ಸಣ್ಣ ಯುನಿಟ್ ಇದೆ. ಅದನ್ನೇ ಹೇಳಿದೆ. ಹೆಂಡತಿ ಪಕ್ಕದಿಂದ, 'ಇವರು ಈಗಲೂ ಒಂದು ಕಡೆ ಕೂರಲ್ಲ ಮೇಡಂ' ಎಂದು ಸೇರಿಸಿದಳು. ಮೇಡಂ ನಕ್ಕು ಅದನ್ನೂ ಬರೆದುಕೊಂಡರು. ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಕೂತಲ್ಲಿ ಕೂರಲಾಗದ ತೊಂದರೆ, ಮನೆತನದಲ್ಲಿ ಹರಿದು ಬರುವುದು ಜಾಸ್ತಿಯಂತೆ. ತಾಯಿ ಮುದ್ದು ಮಾಡಿ ಕೆಡಿಸಿದಳು ಅಂತ ಇಷ್ಟು ವರ್ಷ ನಮ್ಮ ಕಡೆಯವರು ಹೇಳುತ್ತಿದ್ದುದಕ್ಕೆ ಅಂದು ನನ್ನ ಹೆಂಡತಿಗೆ ಉತ್ತರ ಸಿಕ್ಕಿತು. ಮನೆಗೆ ಬಂದು ಎಲ್ಲರಿಗೂ ಹೇಳಿದಳು, ಬಿಡಿ.

ಮೊದಲ ದಿನ ಕಾಯಿಲೆಗೆ ಹೆಸರಿಲ್ಲ, ಗುಳಿಗೆಯೂ ಇಲ್ಲ. 800 ರೂಪಾಯಿ ಫೀಸು ಕೊಟ್ಟು ಕೈಯಲ್ಲಿ ಎರಡು ಫಾರಂ ಹಿಡಿದು ಬಂದೆವು, ಒಂದು ನಮಗೆ, ಒಂದು ಕ್ಲಾಸ್ ಟೀಚರಿಗೆ. ಮನೆಯಲ್ಲಿ ಮಾತ್ರ ಗಲಾಟೆ ಮಾಡಿದರೆ ಅದು ಎಡಿಎಚ್‌ಡಿ ಅಲ್ಲ. ಕನಿಷ್ಠ ಎರಡು ಕಡೆ ಕಾಣಬೇಕು, 6 ತಿಂಗಳಾದರೂ ಇರಬೇಕು, 12 ವರ್ಷಕ್ಕೆ ಮೊದಲೇ ಶುರುವಾಗಿರಬೇಕು. ಹಾಗಾಗಿ ಟೀಚರ್ ಬರೆದುಕೊಟ್ಟದ್ದನ್ನು ನೋಡದೆ ತಾನು ಏನೂ ಹೇಳುವುದಿಲ್ಲ ಎಂದರು. ಊರಿಂದ ಬರುವವರಿಗೆ ಇದು ಹೈರಾಣ ಅನಿಸಬಹುದು. ನನಗೆ ಮಾತ್ರ ಇಡೀ ಟ್ರೀಟ್‌ಮೆಂಟಲ್ಲಿ ಹಿಡಿಸಿದ್ದೇ ಈ ನಿಧಾನ.

ಮುಂದಿನ ಸಲ ಅವನ ನೋಟ್‌ಬುಕ್ಕುಗಳನ್ನು ತರಿಸಿಕೊಂಡು ಒಂದೊಂದೇ ಪುಟ ತಿರುವಿದರು. ಇಲ್ಲೊಂದು ತೊಡಕಿತ್ತು. ನಮ್ಮ ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಸ್ಕೂಲು ಇಂಗ್ಲಿಷ್ ಮೀಡಿಯಂ. ಬಳ್ಳಾರಿಯಲ್ಲಿ ಇದೇನು ಹೊಸದಲ್ಲ. ಓದಲು ಬರದಿದ್ದರೆ ಅದು ಭಾಷೆ ಕಲಿಸದ ತಪ್ಪೋ, ಇವನ ಮಿದುಳು ಅಕ್ಷರ ಹಿಡಿಯುವ ರೀತಿಯೇ ಬೇರೆಯೋ? ಮೇಡಂ ಕನ್ನಡದಲ್ಲಿ ನಾಲ್ಕು ಸಾಲು ಓದಿಸಿದರು, ಅದನ್ನೇ ಹೇಳಿ ಬರೆಸಿದರು. 'ಅಕ್ಕ' ಬರೆಯಲು ಹೇಳಿದರೆ 'ಅಕ' ಬರೆದ, 'ಎಮ್ಮೆ' ಹೋಗಿ 'ಎಮೆ' ಆಯಿತು, ದೀರ್ಘ ಎಲ್ಲ ಹ್ರಸ್ವ. ಅದೇ ಕಥೆಯನ್ನು ಅವರು ಬಾಯಲ್ಲಿ ಹೇಳಿ ಪ್ರಶ್ನೆ ಕೇಳಿದಾಗ ಎಲ್ಲಕ್ಕೂ ಪಟಪಟ ಉತ್ತರ, ಕೊನೆಗೆ ತೆಲುಗಿನಲ್ಲಿ ತನ್ನದೇ ಒಂದು ಸೇರಿಸಿದ. ಇಂಗ್ಲಿಷಲ್ಲೂ ಇದೇ ಆಟ. ತಿಳುವಳಿಕೆ ಇದೆ, ಅಕ್ಷರ ಮಾತ್ರ ಕೈಕೊಡುತ್ತಿದೆ ಅಂತ ನನ್ನಂಥವನಿಗೂ ಕಣ್ಣಾರೆ ಕಂಡಿತು. ಅದಾದ ಮೇಲೆ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ಐಕ್ಯೂ ಮತ್ತು ಕಲಿಕೆಯ ಟೆಸ್ಟು. ಕಲಿಕೆಗೆ ಬಳಸಿದ್ದು ನಿಮ್ಹಾನ್ಸ್‌ನವರು ತಯಾರಿಸಿದ ಟೆಸ್ಟಂತೆ. ಅದಕ್ಕೆ ಫೀಸು ಬೇರೆ, ಜೇಬಿಗೆ ಗೊತ್ತಾಗುವಷ್ಟು.

ಎಡಿಎಚ್‌ಡಿ, ಜೊತೆಗೆ ಓದು ಬರಹದ ತೊಂದರೆ. ಹೆಸರು ಬಂದ ಮೇಲೂ ಗುಳಿಗೆ ಬರಲಿಲ್ಲ. ಮೊದಲು ನಮಗೇ ಪಾಠ. ಅಡುಗೆ ಮನೆಯಿಂದ ಕೂಗಿ ಹೇಳಬೇಡಿ, ಹತ್ತಿರ ಹೋಗಿ ಕಣ್ಣಲ್ಲಿ ಕಣ್ಣಿಟ್ಟು ಒಂದೇ ಕೆಲಸ ಹೇಳಿ. ಮಾಡಿದ ಕೂಡಲೇ ಹೊಗಳಿ, ರಾತ್ರಿವರೆಗೂ ಕಾಯಬೇಡಿ. ಹೋಮ್‌ವರ್ಕ್ ಹತ್ತು ಹತ್ತು ನಿಮಿಷಕ್ಕೆ ಮುರಿಯಿರಿ. ಕೇಳಲು ಸುಲಭ. ಸಂಜೆ ಯುನಿಟ್‌ನಿಂದ ದಣಿದು ಬಂದಾಗ ಮಾಡಿ ನೋಡಿ, ಗೊತ್ತಾಗುತ್ತದೆ. ಸ್ಕೂಲಿಗೂ ಒಂದು ಪತ್ರ ಕೊಟ್ಟರು: ಮುಂದಿನ ಬೆಂಚು, ಕಿಟಕಿ ಪಕ್ಕ ಬೇಡ, ನಡುನಡುವೆ ಡಸ್ಟರ್ ತರಲು, ಪುಸ್ತಕ ಹಂಚಲು ಇವನನ್ನೇ ಎಬ್ಬಿಸಿ. ಕೈಗೆ ಕಟ್ಟಿದ್ದ ದಾರದ ಬಗ್ಗೆ ನಮ್ಮಮ್ಮ ಹೆದರುತ್ತಲೇ ಕೇಳಿದರು. 'ಇರಲಿ ಬಿಡಿ ಅಮ್ಮ, ದಾರವೂ ಇರಲಿ, ನಾವು ಹೇಳಿದ್ದೂ ನಡೀಲಿ' ಎಂದರು. ಅಂದಿನಿಂದ ನಮ್ಮಮ್ಮ ಅವರ ಪಾರ್ಟಿ.

ಗುಳಿಗೆ ಶುರುವಾಗಿದ್ದು ಇಷ್ಟೆಲ್ಲ ಆದ ಮೇಲೆ. ಮೀಥೈಲ್‌ಫೆನಿಡೇಟ್ ಅಂತ. ಅದಕ್ಕೂ ಮೊದಲು ತೂಕ, ಎತ್ತರ, ನಾಡಿ, ಬಿಪಿ ನೋಡಿದರು, ಮನೆತನದಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಲ್ಲೇ ಹಾರ್ಟ್ ತೊಂದರೆ ಇತ್ತಾ ಎಂದು ಕೇಳಿದರು. ಬೆಳಿಗ್ಗೆ ತಿಂಡಿ ಆದ ಮೇಲೆ ಕೊಡಬೇಕು. ಸಂಜೆ ಕೊಟ್ಟರೆ ರಾತ್ರಿ ನಿದ್ದೆ ಬರಲ್ಲ. ಮಧ್ಯಾಹ್ನದ ಹಸಿವು ಕಡಿಮೆಯಾಗುತ್ತದೆ ಅಂತ ಮೊದಲೇ ಹೇಳಿದ್ದರು, ಹಾಗೇ ಆಯಿತು, ಡಬ್ಬಿ ಅರ್ಧ ವಾಪಸ್ ಬರುತ್ತದೆ. ಅದಕ್ಕೇ ಬೆಳಿಗ್ಗೆ ಹೊಟ್ಟೆ ತುಂಬ ತಿನ್ನಿಸುತ್ತೇವೆ, ರಾತ್ರಿ ಇನ್ನೊಮ್ಮೆ. ಹೋದಾಗಲೆಲ್ಲ ತೂಕ, ಎತ್ತರ ಕಾರ್ಡಲ್ಲಿ ಬರೆಯುತ್ತಾರೆ. ಒಂದು ಮಾತು: ಈ ಗುಳಿಗೆ ಮಾದಕ ವಸ್ತುಗಳ ಕಾಯ್ದೆಯ ಕೆಳಗೆ ಬರುತ್ತದೆ, ಎಲ್ಲ ಮೆಡಿಕಲ್ ಶಾಪಲ್ಲೂ ಇಡುವುದಿಲ್ಲ, ಚೀಟಿ ಇಲ್ಲದೆ ಕೊಡುವುದಂತೂ ಇಲ್ಲವೇ ಇಲ್ಲ. ಮುಗಿಯುವ ಮೊದಲೇ ಓಡಾಡಿ.

ಈಗ ಹೇಗಿದ್ದಾನೆ ಅಂದರೆ, ಬೇರೆಯದೇ ಹುಡುಗನಾಗಿಲ್ಲ. ಓದು ಈಗಲೂ ನಿಧಾನ, ಒತ್ತಕ್ಷರ ಈಗಲೂ ಬೀಳುತ್ತದೆ. ಆದರೆ ಶುರು ಮಾಡಿದ ಲೆಕ್ಕ ಮುಗಿಸುತ್ತಾನೆ. ಬರ್ತ್‌ಡೇಗಳಿಗೆ ಕರೆಯುತ್ತಾರೆ, ಮೊದಲು ಕರೆಯುತ್ತಿರಲಿಲ್ಲ. ಮುಂದೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚಿನ ಸಮಯ, ಬರೆಯಲು ಸಹಾಯಕರು ಇಂಥ ಸೌಲಭ್ಯ ಕೇಳಬಹುದು, ಆದರೆ ಖಾಸಗಿ ಕ್ಲಿನಿಕ್‌ನ ಚೀಟಿ ಅದಕ್ಕೆ ಸಾಲದು, ಸರ್ಕಾರಿ ಆಸ್ಪತ್ರೆಯ ಸರ್ಟಿಫಿಕೇಟೇ ಬೇಕು ಎಂದು ಈಗಲೇ ಹೇಳಿಟ್ಟಿದ್ದಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಕಲಿಕೆಯ ತೊಂದರೆಯೂ ಸೇರಿದೆ ಅಂತ ನನಗೆ ಗೊತ್ತೇ ಇರಲಿಲ್ಲ. ನಮ್ಮ ಸ್ಕೂಲಿನವರಿಗೂ ಗೊತ್ತಿರಲಿಲ್ಲ, ಅದು ಬೇರೆ ಮಾತು.

ಹೊರಗೆ ಕಾಯುವುದು ಎಷ್ಟೆಂದರೆ ಗೋಡೆಯ ಮೇಲಿನ ಸರ್ಟಿಫಿಕೇಟುಗಳು ನನಗೆ ಬಾಯಿಪಾಠ. ಎಂಬಿಬಿಎಸ್ ನಮ್ಮೂರಿನ ಸರ್ಕಾರಿ ಕಾಲೇಜಲ್ಲೇ. ಈಗ ಬಿಎಂಸಿಆರ್‌ಸಿ ಅಂತ ಬೋರ್ಡ್ ಬದಲಾಗಿದೆ, ಆಟೋದವರಿಗೆ ಮಾತ್ರ ಇನ್ನೂ ವಿಮ್ಸ್. ಆಮೇಲೆ ಮನೋವೈದ್ಯದಲ್ಲಿ ಎಂಡಿ, ಅದರ ಮೇಲೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳು ಮತ್ತು ಹದಿಹರೆಯದವರ ಮನೋವೈದ್ಯಕ್ಕೇ ಡಿಎಂ, ಅಂದರೆ ಎಂಡಿ ಆದ ಮೇಲಿನ ಡಿಗ್ರಿ. ಐದೂವರೆ, ಮೂರು, ಮೂರು, ಅಂದರೆ ಹನ್ನೊಂದೂವರೆ ವರ್ಷ ಬರೀ ಓದು. ಇಷ್ಟು ಓದಿದವರು ಬೆಂಗಳೂರಲ್ಲೇ ಇರಬಹುದಿತ್ತಲ್ಲ ಎಂದು ಹೆಂಡತಿ ಒಮ್ಮೆ ಕೇಳಿದಳು. ಅದಕ್ಕೆ ಅವರು ಹೇಳಿದ್ದು ನಾನು ಎಲ್ಲೂ ಕೇಳಿರದ ಸಂಗತಿ. 1985ರಲ್ಲಿ ನಿಮ್ಹಾನ್ಸ್‌ನವರು ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ ಒಂದು ಪ್ರಯೋಗ ಶುರು ಮಾಡಿದರಂತೆ. ಮಾನಸಿಕ ಕಾಯಿಲೆಗೆ ಬೆಂಗಳೂರಿಗೆ ಓಡಬೇಕಿಲ್ಲ, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ, ಆರೋಗ್ಯ ಕಾರ್ಯಕರ್ತೆಯರಿಗೆ ಕಲಿಸಿದರೆ ಹಳ್ಳಿಯಲ್ಲೇ ಗುರುತಿಸಿ ಔಷಧಿ ಕೊಡಬಹುದು ಅನ್ನುವುದು ಅದರ ಲೆಕ್ಕ. ಸುಮಾರು 20 ಲಕ್ಷ ಜನರ ಜಿಲ್ಲೆಯಲ್ಲಿ ಐದು ವರ್ಷ ನಡೆಯಿತು. ಅದನ್ನೇ ನೋಡಿ 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ತಂದದ್ದು. ಮನೋವೈದ್ಯದ ಪುಸ್ತಕಗಳಲ್ಲಿ 'ಬಳ್ಳಾರಿ ಮಾದರಿ' ಅಂತ ಪಾಠವೇ ಇದೆಯಂತೆ. ಗಣಿಗೆ, ಬಿಸಿಲಿಗೆ, ಜೀನ್ಸಿಗೆ ನಮ್ಮೂರ ಹೆಸರು ಹೇಳುವುದು ಕೇಳಿದ್ದೇನೆ, ಇದಕ್ಕೆ ಕೇಳಿರಲಿಲ್ಲ. ಊರಿನ ಹೆಸರು ಪುಸ್ತಕದಲ್ಲಿ ಓದಿಕೊಂಡು ಊರಲ್ಲಿ ಮಾತ್ರ ಮಕ್ಕಳ ಡಾಕ್ಟರ್ ಇಲ್ಲ ಅಂದರೆ ಹೇಗೆ ಎಂದು ವಾಪಸ್ ಬಂದವರು ಇವರು.

ಸ್ವಂತ ಕ್ಲಿನಿಕ್‌ಗೆ ಮೊದಲು ತಾಲೂಕು ಆಸ್ಪತ್ರೆಗಳಲ್ಲಿ ಓಡಾಡಿದ್ದಾರೆ. ಅಲ್ಲಿ ಕಲಿತದ್ದು ಮಾತಿನಲ್ಲಿ ಕಾಣುತ್ತದೆ. ಪರೀಕ್ಷೆ ಹತ್ತಿರ ಬಂದಾಗ ಹುಡುಗಿಯ ಮೈಮೇಲೆ ದೇವರು ಬರುತ್ತದೆ ಎಂದು ಕರೆತಂದ ಮನೆಯವರ ಎದುರು 'ಅದೆಲ್ಲ ಸುಳ್ಳು' ಅನ್ನುವುದಿಲ್ಲ. ಹುಡುಗಿ ನಾಟಕ ಮಾಡುತ್ತಿಲ್ಲ, ಬಾಯಲ್ಲಿ ಹೇಳಲಾಗದ್ದನ್ನು ಮೈ ಹೇಳುತ್ತಿದೆ ಅನ್ನುತ್ತಾರೆ. ಬೆಳಿಗ್ಗೆ ಸ್ಕೂಲಿನ ಹೊತ್ತಿಗೆ ಸರಿಯಾಗಿ ಬರುವ, ಭಾನುವಾರ ಮಾತ್ರ ಬಾರದ ಹೊಟ್ಟೆನೋವಿಗೂ ಇದೇ ಮಾತು. ನೋವು ನಿಜ, ಕಾರಣ ಹೊಟ್ಟೆಯಲ್ಲಿಲ್ಲ.

ಇನ್ನು ಅಕ್ಕನ ಮಗಳು. ಪಿಸಿಎಂಬಿ, ನೀಟ್ ಕೋಚಿಂಗ್, ಹಾಸ್ಟೆಲ್. ಎದೆ ಡವಡವ, ಕೈ ನಡುಕ, ಈಗಲೇ ಸತ್ತುಹೋಗುತ್ತೇನೆ ಅನ್ನುವ ಭಯ. ಇಸಿಜಿ ನಾರ್ಮಲ್, ಥೈರಾಯ್ಡ್ ನಾರ್ಮಲ್. ಇವಳನ್ನು ಇಲ್ಲಿಗೆ ಕರೆತರಲು ಭಾವನನ್ನು ಒಪ್ಪಿಸುವುದೇ ದೊಡ್ಡ ಕೆಲಸವಾಯಿತು. ಹುಚ್ಚರ ಡಾಕ್ಟರ್ ಹತ್ತಿರ ಹೋದಳು ಅಂತ ಗೊತ್ತಾದರೆ ನಾಳೆ ಮದುವೆ ಹೇಗೆ, ನಾಲ್ಕು ಜನ ಏನಂತಾರೆ, ಅದೇ ಹಳೇ ರಾಗ.

ಮೊದಲಿಗೆ ಎಲ್ಲರನ್ನೂ ಒಟ್ಟಿಗೆ ಕೂರಿಸಿ ಮೇಡಂ ಒಂದು ಒಪ್ಪಂದ ಮಾಡಿಕೊಂಡರು. ಹುಡುಗಿ ಹೇಳಿದ್ದು ತನ್ನ ಹತ್ತಿರವೇ ಇರುತ್ತದೆ, ಮನೆಯವರಿಗೆ ಹೇಳುವುದಿಲ್ಲ. ಅವಳ ಜೀವಕ್ಕೆ ಅಪಾಯ ಅಂತ ಕಂಡರೆ, ಅವಳಿಂದ ಬೇರೆಯವರಿಗೆ ಅಪಾಯ ಅಂತ ಕಂಡರೆ ಮಾತ್ರ ಹೇಳುತ್ತೇನೆ. ಯಾರಾದರೂ ಅವಳಿಗೆ ಲೈಂಗಿಕ ಕಿರುಕುಳ ಕೊಡುತ್ತಿದ್ದರೆ ಸುಮ್ಮನಿರಲು ಆಗುವುದಿಲ್ಲ, 18ರ ಒಳಗಿನವರ ವಿಷಯದಲ್ಲಿ ತಿಳಿಸಲೇಬೇಕು ಎಂದು 2012ರ ಪೋಕ್ಸೊ ಕಾಯ್ದೆಯೇ ಹೇಳುತ್ತದೆ. ಇದನ್ನು ಹುಡುಗಿಯ ಎದುರೇ ಹೇಳಿದರು. ಆಮೇಲೆ ನಮ್ಮನ್ನು ಹೊರಗೆ ಕಳಿಸಿ ಬಾಗಿಲು ಹಾಕಿದರು. ಭಾವನಿಗೆ ತಡೆಯಲಾಗಲಿಲ್ಲ. 'ಫೀಸು ಕೊಡೋದು ನಾವು, ನಮಗೇ ಹೇಳಲ್ಲ ಅಂದ್ರೆ?' ಅಂತ ಹಾಲ್‌ನಲ್ಲಿ ಗೊಣಗುತ್ತಲೇ ಇದ್ದರು. ಬಾಗಿಲು ತೆರೆದಾಗ ಹುಡುಗಿಯ ಕಣ್ಣು ಊದಿತ್ತು, ಹೆಗಲು ಮಾತ್ರ ಇಳಿದಿತ್ತು. ಮನೆಗೆ ಹೋಗುವಾಗ ದಾರಿಯಲ್ಲಿ ಮಿರ್ಚಿ ಒಗ್ಗರಣೆ ಬೇಕು ಎಂದಳು. ಅವಳು ಸರಿಯಾಗಿ ಊಟ ಮಾಡಿ ಬಹಳ ದಿನವಾಗಿತ್ತು.

ಅಕ್ಕ, ಭಾವ ಇಬ್ಬರನ್ನೂ ಮತ್ತೆ ಒಳಗೆ ಕರೆದಾಗ ಮೇಡಂ ಕೇಳಿದ ಒಂದು ಪ್ರಶ್ನೆ ಎಲ್ಲ ತಂದೆ ತಾಯಿಗೂ ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ. 'ಗದ್ದೆಗೆ ಹೊಡೆಯೋ ಔಷಧಿ ಎಲ್ಲಿಡ್ತೀರಿ?' ಭತ್ತದ ಸೀಮೆ, ಡಬ್ಬಿಗಳು ಜಗಲಿ ಮೂಲೆಯಲ್ಲೇ ಇರುತ್ತವೆ. ಬೀಗ ಹಾಕಿ, ಕೀಲಿ ನಿಮ್ಮ ಹತ್ತಿರ ಇರಲಿ, ಅಜ್ಜಿಯ ಬಿಪಿ ಗುಳಿಗೆಯೂ ಅಷ್ಟೇ ಎಂದರು. ಅಕ್ಕ ಗಾಬರಿಯಾದಳು. ಹುಡುಗಿ ಹಾಗೇನಾದರೂ ಹೇಳಿದಳಾ? ಮೇಡಂ ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಈ ವಯಸ್ಸಿನವರ ಮನೆಯವರನ್ನೆಲ್ಲ ಇದು ಕೇಳಿಯೇ ಕೇಳುತ್ತೇನೆ ಎಂದರು. ಸಾಯುವ ಯೋಚನೆ ಬರುತ್ತಾ ಅಂತ ಮಕ್ಕಳನ್ನು ನೇರವಾಗಿ ಕೇಳಿದರೆ ಅದರಿಂದಲೇ ಯೋಚನೆ ಹುಟ್ಟುವುದಿಲ್ಲವಂತೆ, ಕೇಳದೇ ಇರುವುದೇ ಅಪಾಯ.

ಅವಳಿಗೆ ಮಾತಿನ ಚಿಕಿತ್ಸೆಯೇ ಮುಖ್ಯ, ಜೊತೆಗೆ ಒಂದು ಗುಳಿಗೆ. ಎದೆ ಹೊಡೆದುಕೊಂಡರೆ ಭಯ, ಭಯವಾದರೆ ಎದೆ ಇನ್ನೂ ಜೋರು, ಈ ಸುತ್ತು ಹೇಗೆ ತಿರುಗುತ್ತದೆ ಎಂದು ಹಾಳೆಯಲ್ಲಿ ಗೀಚಿ ತೋರಿಸಿದ್ದರಂತೆ, ಆ ಹಾಳೆ ಈಗಲೂ ಅವಳ ಫಿಸಿಕ್ಸ್ ಪುಸ್ತಕದಲ್ಲಿದೆ. ಗುಳಿಗೆ ಕೆಲಸ ಮಾಡಲು ಕೆಲವು ವಾರ ಬೇಕು, ಮೊದಲ ವಾರಗಳಲ್ಲಿ ಚಡಪಡಿಕೆ ಜಾಸ್ತಿಯಾದರೆ, ಮನಸ್ಸು ಇನ್ನೂ ಕುಸಿದರೆ ಕೂಡಲೇ ಫೋನ್ ಮಾಡಿ, ಚೆನ್ನಾಗಾಯಿತು ಅಂತ ನೀವೇ ನಿಲ್ಲಿಸಬೇಡಿ ಎಂದು ಎರಡೆರಡು ಸಲ ಹೇಳಿದರು. ಕೋಚಿಂಗ್ ಬಿಡಿಸಲಿಲ್ಲ. ಸ್ವಲ್ಪ ದಿನ ಅರ್ಧ ದಿನ, ಆಮೇಲೆ ಪೂರ್ತಿ. ಡಾಕ್ಟರ್ ಆಗಬೇಕು ಅನ್ನುವುದು ಅವಳ ಆಸೆಯೋ ಭಾವನ ಆಸೆಯೋ ಅನ್ನುವುದು ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಅದಕ್ಕೆ ಗುಳಿಗೆ ಇಲ್ಲವಲ್ಲ.

ಈಗ ಆ ಒಂದು ಸ್ಟಾರ್. ಈ ಕ್ಲಿನಿಕ್‌ನಲ್ಲಿ ಫೈಲಿನ ಮೇಲೆ ಮಗುವಿನ ಹೆಸರಿರುವುದಿಲ್ಲ, ನಂಬರ್ ಮಾತ್ರ. ಯಾರಿಗೂ ಗೊತ್ತಾಗಬಾರದು ಅಂತ ಅಷ್ಟು ಕಾಳಜಿ. ಅದೇ ಕೌಂಟರಿನ ಹುಡುಗ ಹಾಲ್ ತುಂಬ ಜನ ಇರುವಾಗ, 'ಸಿರುಗುಪ್ಪ, ಪಿಯು ಹುಡುಗಿ, ಟೆನ್ಶನ್ ಕೇಸು ಯಾರ್ರೀ, ಬರ್ರಿ ಒಳಗ' ಎಂದು ಕೂಗಿದ. ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಂಬರ್ ಇಟ್ಟದ್ದು ಮತ್ತೇತಕ್ಕೆ? ಒಳಗೆ ಹೋಗಿ ಹೇಳಿದೆ, ಮೇಡಂ ಅವನನ್ನು ಕರೆದು ಹೇಳಿದರು. ಸ್ವಲ್ಪ ದಿನ ನಂಬರ್ ಕೂಗಿದ, ಆಮೇಲೆ ಮತ್ತೆ ಅದೇ ರಾಗ. ಅಪಾಯಿಂಟ್‌ಮೆಂಟ್ ಟೈಮು ಲೆಕ್ಕಕ್ಕಿಲ್ಲ. ಒಳಗಿರುವವರಿಗೆ ಒಂದೊಂದು ಗಂಟೆ ಕೊಟ್ಟರೆ ಹೊರಗಿರುವವರು ಕಾಯಲೇಬೇಕು, ಒಪ್ಪುತ್ತೇನೆ. ಆದರೆ ಆರಕ್ಕೆ ಬನ್ನಿ ಅಂತ ಹೇಳಿ ಎಂಟಕ್ಕೆ ಕರೆಯುವ ಬದಲು ಎಂಟಕ್ಕೇ ಬನ್ನಿ ಅನ್ನಬಹುದಲ್ಲ. ಒಂದು ಕಡೆ ಕೂರಲಾಗದ ಮಕ್ಕಳೇ ಜಾಸ್ತಿ ಬರುವ ಜಾಗ, ಹಾಲ್‌ನಲ್ಲಿ ಒಂದು ಆಟದ ಸಾಮಾನಿಲ್ಲ, ಏಪ್ರಿಲ್ ತಿಂಗಳಲ್ಲಿ ಎರಡು ಫ್ಯಾನು.

ಮಾತು ಬಾರದ ಚಿಕ್ಕ ಮಕ್ಕಳಿಗೆ ಸ್ಪೀಚ್ ಥೆರಪಿ ಇಲ್ಲಿಲ್ಲ. ಜಿಲ್ಲಾಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ವಿಚಾರಿಸಿ ಎನ್ನುತ್ತಾರೆ, ಕೆಲವರನ್ನು ಮೈಸೂರಿನ ವಾಕ್ ಶ್ರವಣ ಸಂಸ್ಥೆಗೂ ಕಳಿಸುತ್ತಾರೆ. ಬಳ್ಳಾರಿಯಿಂದ ಮೈಸೂರು ಅಂದರೆ ಕೂಲಿ ಮಾಡುವವರು ಎಷ್ಟು ಸಲ ಹೋಗಿಬರಲು ಸಾಧ್ಯ? ಇದು ಡಾಕ್ಟರ್ ತಪ್ಪಲ್ಲ, ಆದರೂ ಆಟಿಸಂ ಇರುವ ಮಗುವನ್ನು ಕರೆದುಕೊಂಡು ಬರುವವರು ಇದನ್ನು ತಿಳಿದೇ ಬರಲಿ.

ಹೋಗುವವರು ಮಗುವಿನ ನೋಟ್‌ಬುಕ್ಕು, ಮಾರ್ಕ್ಸ್ ಕಾರ್ಡು, ಹಳೇ ಚೀಟಿ ಎಲ್ಲ ತೆಗೆದುಕೊಂಡು ಹೋಗಿ. ತಂದೆ ತಾಯಿ ಇಬ್ಬರೂ ಹೋಗಿ, ಒಬ್ಬರೇ ಹೋದರೆ ಮುಂದಿನ ಸಲ ಇನ್ನೊಬ್ಬರನ್ನು ಕರೆಸುತ್ತಾರೆ. ಶನಿವಾರ ಸಂಜೆ ಬೇಡ, ಜಾತ್ರೆ. ರಾತ್ರಿ ಹೊತ್ತು ಕಷ್ಟವಾದರೆ ಕ್ಲಿನಿಕ್ ಫೋನ್ ಯಾವಾಗಲೂ ಸಿಗುವುದಿಲ್ಲ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಮಾಡಿ, 24 ಗಂಟೆ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಎರಡನೇ ಸಲದಿಂದ ಫೀಸು 500. ಫೋನ್‌ಪೇ ನಡೆಯುತ್ತದೆ. ರಸೀದಿ ಕೇಳಿದರೆ ಮಾತ್ರ ಕೊಡುತ್ತಾರೆ, ಕೇಳಿ ತೆಗೆದುಕೊಳ್ಳಿ.